ನಾಲ್ಕು ಗಾಲಿ, ನಾಲ್ಕು ಠರಾವು

ಮೋಟಾರಿನ ಟೈರು ಆರಿಸಲು ವಿಶೇಷ ಜ್ಞಾನ ಬೇಕೆಂದು ನಾನು ಆಗ ನಂಬಿರಲಿಲ್ಲ. ತತ್ತ್ವ ಸರಿಯಿದ್ದರೆ ಗಾಲಿ ತಾನಾಗಿಯೇ ಸರಿಯಾಗಿ ಉರುಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನಮ್ಮೂರಾದ ಸಂಶಿಯ ಹೊರಗಿನ ಎರೆ ಹೊಲವೊಂದರಲ್ಲಿ, ಆ ಅಭಿಪ್ರಾಯ ಸರ್ವರ ಸಮಕ್ಷಮ ಹೂತುಹೋಯಿತು.

ಹುಬ್ಬಳ್ಳಿಯ ಕೆಲವು ಮೋಟಾರುಪ್ರಿಯ ತರುಣರು, ಹತ್ತಿ ಕಿತ್ತು ಖಾಲಿಯಾಗಿದ್ದ ಆ ಹೊಲದಲ್ಲಿ ಬಾವುಟ ನೆಟ್ಟು ಒಂದು ಪಂದ್ಯ ಏರ್ಪಡಿಸಿದ್ದರು. ಒಂದೊಂದೇ ಕಾರು ಬಾವುಟಗಳನ್ನು ಸುತ್ತಿ ಬರಬೇಕು. ಕಡಿಮೆ ವೇಳೆ ಹಿಡಿದವನು ಗೆದ್ದಂತೆ. ದಿನಬಳಕೆಯ ಕಾರೂ ನಡೆಯುತ್ತದೆ ಎಂದಿತ್ತು ಕರಪತ್ರ. ಇದು ಪೆಟ್ರೋಲಿನ ದುಂದು, ಉಳ್ಳವರ ಚಟ, ಹೊಲಕ್ಕೆ ಮಾಡುವ ಅಪಮಾನ ಎಂದು ನಾನು ಖಂಡನಾ ಪತ್ರವನ್ನೇ ಬರೆದಿದ್ದೆ. ಅಂಚೆಗೆ ಹಾಕುವ ಮೊದಲು ಕರಪತ್ರದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಗೆದ್ದವರಿಗೆ ಧ್ವನಿವರ್ಧಕದಲ್ಲಿ ಐದು ನಿಮಿಷ ಮಾತನಾಡುವ ಅವಕಾಶ!

ನಮ್ಮೂರಿನ ಚಹಾದಂಗಡಿಯಲ್ಲಿ ದಲಿತರಿಗೆಂದು ಬೇರೆ ಕಪ್ಪುಗಳನ್ನು ಹೊರಗಟ್ಟೆಯ ಮೇಲೆ ಕವುಚಿಡುತ್ತಿದ್ದರು. ಅದರ ವಿರುದ್ಧ ಎರಡು ವರ್ಷ ಅರ್ಜಿ ಬರೆದಿದ್ದೆ, ಯಾರೂ ಓದಿರಲಿಲ್ಲ. ಪಂದ್ಯದ ದಿನ ಊರಿನ ಪ್ರಮುಖರೆಲ್ಲ ಪೆಂಡಾಲಿನಲ್ಲಿ ಕೂತಿರುತ್ತಾರೆ, ಎದ್ದು ಹೋಗುವಂತಿಲ್ಲ. ಖಂಡನಾ ಪತ್ರ ಹರಿದೆ, ಪ್ರವೇಶಪತ್ರ ತುಂಬಿದೆ.

ಕಾರು ಮಾವನವರದಾಗಿತ್ತು. ವರದಕ್ಷಿಣೆಯಲ್ಲ, ಕೊಂಡದ್ದು; ಇದನ್ನು ಎರಡು ಸಭೆಗಳಲ್ಲಿ ಸ್ಪಷ್ಟಪಡಿಸಿದ್ದೇನೆ. ಅದರಲ್ಲಿ ದಿನವೂ ನನ್ನ ಹೆಂಡತಿ ಸುಶೀಲಾಳನ್ನು ಆಕೆ ಪಾಠ ಹೇಳುತ್ತಿದ್ದ ಕುಂದಗೋಳದ ಹೆಣ್ಣುಮಕ್ಕಳ ಶಾಲೆಗೆ ಬಿಟ್ಟು ಬರುತ್ತಿದ್ದೆ. ಅದರ ತೆಳ್ಳನೆಯ, ಅರ್ಧ ಸವೆದ ಟೈರುಗಳು ಚಾರಿತ್ರಿಕ ಕಾರ್ಯಕ್ಕೆ ಸಾಕಾಗುವುದಿಲ್ಲ ಎನಿಸಿತು. ಬೇರೆ ಯಾವುದು? ಏಕಪಕ್ಷೀಯ ನಿರ್ಧಾರ ನನ್ನ ಸ್ವಭಾವವಲ್ಲ. ಟೈರು ಆಯ್ಕೆ ಸಮಿತಿಯನ್ನು ರಚಿಸಿದೆ.

ಶನಿವಾರ ನಮ್ಮ ಅಂಗಳದಲ್ಲಿ ಸಮಿತಿ ಸೇರಿತು. ನಾನು ಮಾಸ್ತರಿಕೆ ಮಾಡುತ್ತಿದ್ದ ಶಾಲೆಯ ಹೆಡ್ಮಾಸ್ತರರು ಆಳವಾದ ಹಲ್ಲಿನ ಟೈರೇ ನೆಲ ಕಚ್ಚುತ್ತದೆಂದರು. ದವಾಖಾನೆಯ ಕಂಪೌಂಡರರು ಯಾವುದೋ ಪತ್ರಿಕೆಯಲ್ಲಿ ಪಂದ್ಯದ ಕಾರಿನ ಚಿತ್ರ ನೋಡಿದ್ದರು. ಅದರ ಟೈರು ಬೋಳಾಗಿತ್ತಂತೆ, ಬೋಳೇ ವೈಜ್ಞಾನಿಕವಂತೆ. ಸೊಸೈಟಿಯ ಸೆಕ್ರೆಟರಿ ರಬ್ಬರು ಮರುಹೊದಿಸಿದ್ದನ್ನು ಎತ್ತಿಹಿಡಿದರು. ನಾನು ಅಗಲವಾದದ್ದರ ಪರ. ಮತ ಹಾಕಿದೆವು. ಒಂದೊಂದಕ್ಕೆ ಒಂದೊಂದು! ಎರಡು ತಾಸು ವಾದ ನಡೆಯಿತು. ಕೊನೆಗೆ ಬೆಳಕು ಹೊಳೆದದ್ದು ನನಗೇ: ಅಭಿಪ್ರಾಯ ನಾಲ್ಕು, ಗಾಲಿಯೂ ನಾಲ್ಕು. ಯಾರಿಗೂ ಅನ್ಯಾಯವಾಗದಂತೆ ಠರಾವು ಸರ್ವಾನುಮತದಿಂದ ಅಂಗೀಕೃತವಾಯಿತು.

“ಸೋಮವಾರ ನಾ ಸಾಲಿಗೆ ಹೋಗೂದು ಯಾವ ಠರಾವಿನ ಮ್ಯಾಲೆ?” ಎಂದು ಸುಶೀಲಾ ಕೇಳಿದಳು. ಆಕೆಯ ಪ್ರಶ್ನೆಯನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳಲಾಯಿತು.

ಈ ಎರಡು ತಾಸೂ ಜ್ಯಾಕು ಹಿಡಿದು ಕಾರಿನ ಬದಿಗೆ ಕುಕ್ಕುರುಗಾಲಿನಲ್ಲಿ ಕೂತಿದ್ದವರು ದುರಗಪ್ಪ. ಅದೇ ಹೊಲವನ್ನು ವರ್ಷವೂ ಟ್ರ್ಯಾಕ್ಟರಿನಿಂದ ಉಳುತ್ತಿದ್ದವರು. ದಲಿತ ಕೇರಿಯವರೆಂದು ಊರೆಲ್ಲ ಅವರನ್ನು ಏಕವಚನದಲ್ಲಿ ಕರೆದರೆ ನಾನು ಬಹುವಚನದಲ್ಲಿ ಮಾತನಾಡಿಸುತ್ತಿದ್ದೆ. ಅದು ನನ್ನ ಹೆಮ್ಮೆಯಾಗಿತ್ತು.

ನಡುವೆ ಅವರು, “ಸರ್ರ, ಒಂದ ಮಾತ…” ಎಂದರು.

“ತಡೀರಿ ದುರಗಪ್ಪ, ಸದಸ್ಯರದು ಮುಗೀಲಿ. ಆಮ್ಯಾಲೆ ನಿಮ್ಮ ಸರತಿ” ಎಂದೆ, ಅತ್ಯಂತ ಗೌರವದಿಂದ.

ಸದಸ್ಯರದು ಮುಗಿಯಿತು. ಚಹಾ ಬಂತು. ಸಭೆ ಬರಖಾಸ್ತಾಯಿತು.

ರವಿವಾರ ಹೋಗಿ ನೋಡಿದರೆ ಹೊಲವೆಲ್ಲ ಹಸಿ! ಪೆಂಡಾಲಿನ ಗಣ್ಯರ ಬಿಳಿ ಬಟ್ಟೆಗೆ ಧೂಳು ತಾಗಬಾರದೆಂದು ಬೆಳಿಗ್ಗೆಯೇ ಟ್ಯಾಂಕರಿನಿಂದ ನೀರು ಹೊಡೆಸಿದ್ದರು. ಕುಡಿಯುವ ನೀರಿನ ಈ ಅಪವ್ಯಯವನ್ನೂ ಭಾಷಣಕ್ಕೆ ಸೇರಿಸಿಕೊಂಡು ಗೇರು ಹಾಕಿದೆ.

ಮುಂದೆ ನಡೆದದ್ದು ಇಂದಿಗೂ ನನಗೆ ಪೂರ್ತಿ ತಿಳಿದಿಲ್ಲ. ಮೊದಲ ಬಾವುಟದ ಬಳಿ ಬಲಕ್ಕೆ ತಿರುಗಿಸಿದೆ. ಕಾರು ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದೆ, ನೆಟ್ಟಗೆ ಹೋಯಿತು. ಹೆಡ್ಮಾಸ್ತರರ ಟೈರಿನ ಹಲ್ಲುಗಳ ನಡುವೆ ಎರೆಮಣ್ಣು ಮೆತ್ತಿಕೊಂಡು ಗಾಲಿ ಸುತ್ತಿಗೊಮ್ಮೆ ದಪ್ಪವಾಗುತ್ತಿತ್ತು. ಕಂಪೌಂಡರರದು ವೈಜ್ಞಾನಿಕವಾಗಿ ಜಾರುತ್ತಿತ್ತು. ಹಿಂದೆ ಸೆಕ್ರೆಟರಿಯವರದು ಒಂದೇ ಸಮನೆ ನೂಕುತ್ತಿತ್ತು. ನನ್ನದು ತಟಸ್ಥವಾಗಿತ್ತು. ಎರಡನೆಯ ಬಾವುಟ ಎಲ್ಲಿದೆಯೆಂದು ಹುಡುಕುತ್ತಿರುವಾಗ ಮೂರನೆಯದು ಚಕ್ರದ ಕೆಳಗೆ ಸಿಕ್ಕಿತು. ಕೊನೆಗೆ ಕಾರು ತನ್ನ ಸ್ವಂತ ತೀರ್ಮಾನದಂತೆ ಪೆಂಡಾಲಿನ ಮಗ್ಗುಲಿಗೆ, ನಮ್ಮೂರಿನ ಅದೇ ಚಹಾದವನು ಹಾಕಿದ್ದ ಅಂಗಡಿಯ ಮುಂದೆ ನಿಂತು, ಅಚ್ಚಿನವರೆಗೆ ಕೆಸರಿಗಿಳಿಯಿತು.

ಅಧಿಕಾರಿ ಹೇಳುವವರೆಗೆ ಚಾಲಕ ಇಳಿಯಬಾರದೆಂಬ ನಿಯಮವಿತ್ತು. ನಾನು ನಿಯಮಪಾಲಕ. ಕೂತೆ.

ದುರಗಪ್ಪ ಯಾರದೋ ಎತ್ತಿನ ಜೋಡಿ ತಂದು ಹಗ್ಗ ಕಟ್ಟತೊಡಗಿದರು. ಕಿಟಕಿಯಿಂದ ತಲೆ ಹಾಕಿ, ಯಾವ ಟೈರು ಹಾಕಬೇಕಿತ್ತೆಂದು ಕೇಳಿದೆ.

“ಇದ್ದವನ್ನ ಬಿಡಬೇಕಿತ್ರಿ. ಸಣ್ಣ ಗಾಲಿ ಮ್ಯಾಲಿನ ಹಸಿ ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟತಾವು. ನೀರ ಹೊಡೀಲಿಕ್ಕೆ ನನಗ ಶುಕ್ರವಾರನ ಹೇಳಿದ್ರರಿ, ಅದಕ್ಕ ಗೊತ್ತಿತ್ತು.”

“ಮದಲ ಹೇಳಬಾರದಿತ್ತೇನ್ರಿ?”

“ನನ್ನ ಸರತಿ ಬರಲಿಲ್ರಲಾ” ಎಂದರು. ಕುಹಕವಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು.

ಎತ್ತುಗಳು ಎಳೆದವು, ಕಾರು ಮೇಲೆ ಬಂತು, ಜನ ಸಿಳ್ಳೆ ಹೊಡೆದರು. ಆ ದಿನದ ಯಾವ ಕಾರಿಗೂ ಬೀಳದಷ್ಟು ಸಿಳ್ಳೆ. ಹುಮ್ಮಸ್ಸಿನಲ್ಲಿ ಸಂಘಟಕರು ದುರಗಪ್ಪನವರ ಬಾಯಿಗೇ ಮೈಕು ಹಿಡಿದು, ಬಹುಮಾನ ಏನು ಬೇಕೆಂದು ಕೇಳಿದರು.

ದುರಗಪ್ಪ ಪೆಂಡಾಲಿನ ಕಡೆ ನೋಡಿದರು. ಆಮೇಲೆ ಅಂಗಡಿಯ ಕಡೆ.

“ಏನ ಬ್ಯಾಡ್ರಿ. ಒಂದ ಚಾ ಕೊಡಸ್ರಿ. ಇವರೆಲ್ಲಾ ಕುಡ್ಯಾಕ ಹತ್ಯಾರಲ್ರೀ, ಆ ಗ್ಲಾಸಿನ್ಯಾಗ.”

ಹೊಲವೆಲ್ಲ ಕೇಳಿತು. ಪೆಂಡಾಲಿನಲ್ಲಿ ಯಾರೋ ಕೆಮ್ಮಿದರು. ಚಹಾದವನು ಪ್ರಮುಖರ ಮುಖ ನೋಡಿದ, ಪ್ರಮುಖರು ಹುಬ್ಬಳ್ಳಿಯವರ ಮುಖ ನೋಡಿದರು. ಮೈಕಿನ ಎದುರು ಇಲ್ಲವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ದುರಗಪ್ಪ ಗ್ಲಾಸು ತೆಗೆದುಕೊಂಡು, ನಿಂತಲ್ಲೇ, ನಿಧಾನವಾಗಿ ಕುಡಿದರು. ನನ್ನ ಐದು ನಿಮಿಷದ ಕೆಲಸ ಒಂದೇ ಉಸಿರಿನಲ್ಲಿ ಮುಗಿದಿತ್ತು. ನಾನು ಕಾರಿನೊಳಗೇ ಇದ್ದೆ.

ಸಂತೋಷಕ್ಕೆ ನನಗೂ ಒಂದು ಚಹಾ ಬೇಕೆನಿಸಿ ಕಿಟಕಿಯಿಂದ ಕೈ ಚಾಚಿದೆ. ಚಹಾದವನು ಟ್ರೇ ನೋಡಿದ.

“ಗ್ಲಾಸ ಖಾಲಿ ಆದುವ್ರಿ, ಮಾಸ್ತರ. ಹೊರಗಿನ ಕಪ್ಪ ಅದಾವು. ಅದರಾಗ ಕೊಡ್ಲ್ಯಾ?”

ಕೊಡು ಎಂದೆ. ಖಂಡಿತವಾಗಿಯೂ ಎಂದೆ. ಆದರೆ ಹಾಗೆನ್ನುವ ಮೊದಲು ಒಂದು ಕ್ಷಣ ಚಾಚಿದ ಕೈ ಹಿಂದಕ್ಕೆ ಬಂದಿತ್ತು. ಕಾರಿನ ಬದಿಗೆ ಬಂದು ನಿಂತಿದ್ದ ಸುಶೀಲಾ ಅದನ್ನು ನೋಡಿದಳು.

ಕೈಗೆ ಕೆಸರಾಗಿತ್ತು, ಒರೆಸಿಕೊಳ್ಳಲು ಹಿಂದೆಗೆದೆ ಎಂದು ಆಕೆಗೆ ವಿವರಿಸಿದೆ.

ಆಕೆ ನನ್ನ ಕೈಗಳನ್ನು ತಿರುವಿ ನೋಡಿದಳು. ಸ್ವಚ್ಛವಾಗಿದ್ದವು.