ತಂಪು ಕೋಣೆಗೆ ಹನ್ನೆರಡು ಚೀಲ ಶೇಂಗಾ ಹೊಟ್ಟು

ನಾನು ಕೂಡ್ಲಿಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಇಪ್ಪತ್ತೆರಡು ವರ್ಷಗಳಿಂದ 'ಉಷ್ಣ' ಎಂಬ ಪಾಠವನ್ನು ಪುಸ್ತಕ ತೆರೆಯದೆಯೇ ಮಾಡುತ್ತ ಬಂದವಳು. ಬಿಸಿ ಎಲ್ಲಿಂದ ಬರುತ್ತದೆ, ಯಾವುದರೊಳಗೆ ಹಾಯುತ್ತದೆ, ಯಾವುದು ಅದನ್ನು ತಡೆಯುತ್ತದೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇಂಥ ನನ್ನ ಮನೆಯಲ್ಲೇ ಒಂದು ಕೋಣೆ ಬೇಸಿಗೆ ಬಂತೆಂದರೆ ಮಂಡಕ್ಕಿ ಭಟ್ಟಿಯಾಗುತ್ತದೆ ಎಂದರೆ ಅದನ್ನು ಸೆಕೆ ಎನ್ನುವುದು ಸರಿಯಲ್ಲ. ಅದು ಅವಮಾನ!

ನಮ್ಮದು ಹಳೆಯ ಮನೆ. ಮುಂದಿನ ಅರ್ಧ ನಮ್ಮ ಯಜಮಾನರ ಅಜ್ಜ ಕಟ್ಟಿಸಿದ, ಮಣ್ಣಿನ ಛಾವಣಿಯ ಮಾಳಿಗೆ. ದಪ್ಪ ಗೋಡೆ, ಮರದ ತೊಲೆ, ಕಿರಿದಾದ ಕಿಟಕಿ. ಹಿಂದಿನ ಅರ್ಧ ಆಮೇಲೆ ಸೇರಿಸಿದ ಕಾಂಕ್ರೀಟ್ ಕೋಣೆ. ಮಧ್ಯಾಹ್ನ ಆ ಕೋಣೆಯೊಳಗೆ ಕಾಲಿಟ್ಟರೆ ಮೇಲಿನಿಂದ ಯಾರೋ ಬಿಸಿ ಹಂಚನ್ನು ನೆತ್ತಿಗೆ ಒತ್ತಿದಂತಾಗುತ್ತದೆ.

ಫೆಬ್ರವರಿಯಲ್ಲಿ ಮಗಳು ರಮ್ಯಾ ಹರಪನಹಳ್ಳಿಯಿಂದ ಫೋನ್ ಮಾಡಿದಳು. ಅವಳಿಗೆ ಆಗ ಐದು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ನಾನು ಆಗಲೇ ಬೀದಿಗೆಲ್ಲ ಹೇಳಿಟ್ಟಿದ್ದೆ.

"ಮಮ್ಮಿ, ಆ ಹಿಂದಿನ ಕೋಣ್ಯಾಗ ಬ್ಯಾಸಗಿ ಕಳಿಯೋದು ನನ್ನ ಕೈಲೆ ಆಗಲ್ಲ. ಇಲ್ಲೇ ಇರ್ತೀನಿ. ಇಲ್ಲಿ ಎ.ಸಿ. ಐತಿ."

"ಇರು ಇರು! ಏಪ್ರಿಲ್ ಒಳಗ ಆ ಕೋಣಿ ಹೆಂಗ ಮಾಡ್ತೀನಿ ನೋಡು. ಹೊದ್ದಕೊಂಡು ಮಲಗಬೇಕು ನೀನು!"

ಫೋನ್ ಇಟ್ಟ ಮೇಲೆ ಯಜಮಾನರು ಸಮಾಧಾನದಿಂದ, "ನಾವೂ ಒಂದು ಎ.ಸಿ. ಹಾಕಿಸಿದ್ರಾತು ಬಿಡು," ಎಂದರು. ಅವರದು ಬೀಜ-ಗೊಬ್ಬರದ ಅಂಗಡಿ. ಜಗತ್ತಿನ ಯಾವ ಸಮಸ್ಯೆಗೂ ಅವರ ಬಳಿ ಅಂಗಡಿಯಲ್ಲಿ ಸಿಗುವ ಪರಿಹಾರವೊಂದು ಇರುತ್ತದೆ. ನನಗೆ ಸಿಟ್ಟು ಬಂತು.

"ಬೀಗರು ಹಾಕಿಸ್ಯಾರ ಅಂತ ನಾವೂ ಹಾಕಿಸೋದೇನ್ರಿ? ಬಿಸಿ ಒಳಗ ಬಿಟ್ಕೊಂಡು ಆಮ್ಯಾಲೆ ತಂಪು ಮಾಡೋದು ದಡ್ಡರ ಕೆಲಸ. ಬಿಸಿ ಒಳಗೇ ಬರದಂಗ ತಡೀಬೇಕು. ಅವಾಹಕ ಪದರ! ಗೊತ್ತೇನು?"

"ಗೊತ್ತಿಲ್ಲ," ಎಂದರು. ಅವರಲ್ಲಿ ನನಗೆ ಹಿಡಿಸುವ ಗುಣವೆಂದರೆ ಈ ಪ್ರಾಮಾಣಿಕತೆ ಒಂದೇ.

ಗುಡೇಕೋಟೆಯಿಂದ ಬಡಗಿ ಕಾಳಾಚಾರಿಯನ್ನು ಕರೆಸಿದೆ. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮೊದಲ ಯೋಜನೆಯಂತೆ ಸದರಿ ಕೋಣೆಯ ಸ್ಲ್ಯಾಬಿನ ಅಡಿಗೆ ಪೂರ್ತಿ ಥರ್ಮೋಕೋಲ್ ಹಾಳೆ ಅಂಟಿಸತಕ್ಕದ್ದು ಎಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ನಾನೊಬ್ಬಳೇ.

ಕಾಳಾಚಾರಿ ಮೇಲೆ ನೋಡುತ್ತ, "ಬಿಸಲು ಬೀಳೋದು ಮ್ಯಾಲಲ್ರಿ ಟೀಚರ್ರ? ಮ್ಯಾಲೇ ಏನಾರ ಮಾಡಿದ್ರ..." ಎಂದು ರಾಗ ಎಳೆದ.

"ವಿಜ್ಞಾನ ನಂದು, ಉಳಿ ನಿಂದು. ನೀ ಹಚ್ಚು!"

"ಹಂಗಾದ್ರ ಬಿಳಿ ಅಂಟು ತರ್ತೀನ್ರಿ."

ಬಿಳಿ ಅಂಟೇ? ನಾಲ್ಕನೇ ತರಗತಿಯ ಮಕ್ಕಳು ಬಣ್ಣದ ಕಾಗದ ಅಂಟಿಸುವ ಸಾಮಾನು! ನನ್ನ ಮಗಳ ತಲೆಯ ಮೇಲೆ ನಿಲ್ಲಬೇಕಾದ ಹಾಳೆಗಳಿಗೆ ಅದು ಸಾಕೇ? "ಚಪ್ಪಲಿ ಅಂಗಡ್ಯಾಗ ಹಳದಿ ಅಂಟು ಇರತೈತಲ್ಲ, ಅದನ್ನ ತಾ. ಜನ್ಮದಾಗ ಬಿಡಬಾರದು!" ಎಂದೆ.

"ಅದು ಥರ್ಮೋಕೋಲಿಗೆ ಆಗಲ್ರಿ ಟೀಚರ್ರ."

"ಆಗತೈತಿ!"

ಅವನು ತಂದ. ನಾನು ಶಾಲೆಗೆ ಹೋದೆ. ಅಂದು ಎಂಟನೇ ತರಗತಿಗೆ ಬೇರೆಲ್ಲ ಪಾಠ ಬಿಟ್ಟು ಅವಾಹಕಗಳ ಮಹಿಮೆಯನ್ನೇ ವಿವರಿಸಿದೆ. ಸಂಜೆ ಬಂದು ಕೋಣೆಯ ಬಾಗಿಲು ತೆಗೆದರೆ ಒಂದು ಹಾಳೆಯೂ ಹಾಳೆಯಾಗಿ ಉಳಿದಿರಲಿಲ್ಲ. ಅಂಟು ಬಿದ್ದಲ್ಲೆಲ್ಲ ಥರ್ಮೋಕೋಲ್ ಕರಗಿ ಒಳಗೆ ಸರಿದುಹೋಗಿತ್ತು. ಮೇಲೆಲ್ಲ ದುಂಡು ದುಂಡು ಗುಂಡಿಗಳು. ಕೆಲವು ತುಂಡುಗಳು ನೆಲಕ್ಕೆ ಬಿದ್ದು, ಹಳದಿ ಎಳೆ ಎಳೆಯಾಗಿ ನನ್ನ ಚಪ್ಪಲಿಗೆ ಅಂಟಿದವು. ಹೇಳಿದ ಹಾಗೆ ಜನ್ಮದಲ್ಲಿ ಬಿಡಲಿಲ್ಲ!

ಯಜಮಾನರು ಬಂದು ತಲೆಯೆತ್ತಿ ನೋಡಿ, "ಪಡ್ಡಿನ ಹಂಚು ಬೋರಲಾಕಿದಂಗ ಐತಲ್ಲಲೇ," ಎಂದರು.

ಅಂಥ ಅಂಟಿನ ದ್ರಾವಕದಲ್ಲಿ ಥರ್ಮೋಕೋಲ್ ಕರಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹಿಂದಿನ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳ ಕೈಯಿಂದ ಅದನ್ನೇ ಮಾಡಿಸಿ ಚಪ್ಪಾಳೆ ಹೊಡೆಸಿದ್ದವಳು ನಾನು! ಹೀಗಿರುವಾಗ ಬೈಯುವುದಾದರೂ ಯಾರನ್ನು? ಕಾಳಾಚಾರಿಯನ್ನು ಬೈದೆ.

"ನಾ ಹೇಳಿದ್ನಲ್ರಿ ಟೀಚರ್ರ."

"ಹೇಳಿಬಿಟ್ರ ಸಾಕೇನು? ತಡೀಬೇಕಿತ್ತು ನನ್ನ!"

ಅವನು ಯಜಮಾನರ ಮುಖ ನೋಡಿದ. ಯಜಮಾನರು ಅವನ ಮುಖ ನೋಡಿದರು. ಇಬ್ಬರು ಗಂಡಸರ ನಡುವೆ ಹಾದುಹೋದ ಆ ನೋಟಕ್ಕೆ ನನಗೆ ಇನ್ನಷ್ಟು ಉರಿಯಿತು.

ಸೋಲು ಎಂಬ ಪದ ನನ್ನ ಬಾಯಿಗೆ ಬರುವುದಿಲ್ಲ. ಒಂದು ವಾರ ಯೋಚಿಸಿ ಎರಡನೇ ಯೋಜನೆ ತಯಾರಿಸಿದೆ. ಸ್ಲ್ಯಾಬಿನ ಕೆಳಗೆ ಒಂದು ಗೇಣು ಬಿಟ್ಟು ಮರದ ಪಟ್ಟಿ ಹೊಡೆದು, ಅದಕ್ಕೆ ತೆಳು ಪ್ಲೈವುಡ್ ಬಡಿದು, ನಡುವಿನ ಜಾಗದಲ್ಲಿ ಶೇಂಗಾ ಹೊಟ್ಟು ತುಂಬುವುದು! ಹೊಟ್ಟಿನ ತುಂಬ ಗಾಳಿ. ಗಾಳಿ ಉತ್ತಮ ಅವಾಹಕ. ಎಂಥ ಸರಳ, ಎಂಥ ಸ್ವದೇಶಿ ಉಪಾಯ! ಕೊಟ್ಟೂರಿನ ಕಡೆ ಶೇಂಗಾ ಸುಲಿಯುವ ಮಿಲ್ಲಿನಿಂದ ಹನ್ನೆರಡು ಚೀಲ ಹೊಟ್ಟು ಟೆಂಪೋದಲ್ಲಿ ಬಂದಿಳಿಯಿತು. ಬೀದಿಯವರು ನಾವು ಎಮ್ಮೆ ತರುತ್ತೇವೆ ಎಂದುಕೊಂಡರು.

ಕಾಳಾಚಾರಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ತೂಗಿ ನೋಡಿದ. "ಪಟ್ಟಿ ತಡಿಯಂಗಿಲ್ಲೇನೋ ರೀ."

"ಹೊಟ್ಟು ಹಗುರ ಇರತೈತಿ. ಊದಿದ್ರ ಹಾರತೈತಿ!" ಎಂದು ಅವನ ಅಂಗೈಯ ಮೇಲಿನದನ್ನು ಊದಿ ತೋರಿಸಿದೆ. ಅದು ಅವನ ಕಣ್ಣಿಗೆ ಹಾರಿತು. ಪ್ರಯೋಗ ಯಶಸ್ವಿಯಾಯಿತು.

ಕಣ್ಣು ಒರೆಸಿಕೊಂಡು ಅವನು ಮತ್ತೆ ಮೂಲೆಯತ್ತ ಕೈ ಮಾಡಿದ. "ಇಲ್ಲಿ ಸ್ಲ್ಯಾಬ್ ಸೋರಿದ ಕಲಿ ಐತಿ ನೋಡ್ರಿ. ಮೊದ್ಲು ಇದನ್ನ..."

"ಈಗ ಮಳಿಗಾಲ ಐತೇನು? ಮುಚ್ಚಿದ್ರ ಕಲಿ ಕಾಣಂಗಿಲ್ಲ. ಬಡಿ!"

ಬಡಿದ. ಸಂದು ಕಾಣದಂತೆ, ಫ್ಯಾನಿನ ಕೊಳವೆಗೆ ದುಂಡಗೆ ತೂತು ಬಿಟ್ಟು, ಮೇಲೆ ಬಿಳಿ ಬಣ್ಣ ಹಚ್ಚಿ ಮುಗಿಸಿದ. ಕೋಣೆ ಮದುವೆ ಛತ್ರದ ವಧುವಿನ ಕೋಣೆಯ ಹಾಗೆ ಕಂಡಿತು. ಶಾಲೆಯ ಥರ್ಮಾಮೀಟರ್ ತಂದು ಗೋಡೆಗೆ ತೂಗುಹಾಕಿದೆ. ನಿಜ ಹೇಳಬೇಕೆಂದರೆ ಬಿಸಿ ಇಳಿದಿತ್ತು! ಮೂರು ಡಿಗ್ರಿ! ಆ ಮೂರು ಡಿಗ್ರಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ವರ್ಣಿಸಿದೆನೆಂದರೆ, ನಾನು ಬರುವುದನ್ನು ಕಂಡರೆ ಗಣಿತದ ಮೇಷ್ಟ್ರು ಉತ್ತರ ಪತ್ರಿಕೆಗಳ ಹಿಂದೆ ಅಡಗಿಕೊಳ್ಳತೊಡಗಿದರು.

ಆಮೇಲೆ ಮೇಲಿನಿಂದ ಸದ್ದು ಶುರುವಾಯಿತು. ಕರಕರ, ಪರಪರ. ಅತ್ತೆ ಗೌರಮ್ಮನವರು ಕಿವಿಗೊಟ್ಟು ಕೇಳಿ, "ಇಲಿ ಬಂದಾವು ನೋಡವ್ವ. ಹೊಟ್ಟಿನಾಗ ಬೀಜ ಉಳಿದಿರತಾವು. ಮ್ಯಾಲೆ ಲಗ್ನದ ಊಟ ನಡದೈತಿ," ಎಂದರು.

"ಇಲಿ ಅಲ್ರೀ ಅತ್ತಿ. ಬಿಸಿಗೆ ಮರ ಹಿಗ್ಗತೈತಿ. ಅದರ ಸಪ್ಪಳ ಅದು."

"ಮರಕ್ಕ ಕಾಲದಾವೇನು? ಈ ಮೂಲಿಯಿಂದ ಆ ಮೂಲಿಗೆ ಓಡಾಕತ್ತೈತಲ್ಲ."

ವಿಜ್ಞಾನ ತಿಳಿಯದವರ ಜೊತೆ ವಾದ ಮಾಡಬಾರದು.

ಏಪ್ರಿಲ್ ಬಂತು. ಮಗಳನ್ನು ನಾವೇ ಹೋಗಿ ಕರೆತರಬೇಕು, ಅದೇ ಪದ್ಧತಿ. ಆದರೆ ಬೀಗತಿ ನಿರ್ಮಲಮ್ಮನವರು ಫೋನ್ ಮಾಡಿ, "ನಾನೇ ಕರ್ಕೊಂಡು ಬರ್ತೀನ್ರಿ ಬೀಗ್ರೇ. ಕೋಣೆ ನೋಡಿದಂಗೂ ಆಗುತ್ತೆ," ಎಂದರು. ತಪಾಸಣೆ! ಸೊಸೆಯನ್ನು ಬಿಡಲು ಬರುವವರು ಹೀಗೆ ಹೇಳುತ್ತಾರೆಯೇ? ಬರಲಿ, ನೋಡಲಿ, ಹೊಟ್ಟೆ ಉರಿದುಕೊಳ್ಳಲಿ ಎಂದುಕೊಂಡೆ.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಹೊಸಪೇಟೆ ದಿಕ್ಕಿನಿಂದ ಮೋಡ ಎದ್ದಿತು. ಗಾಳಿ, ಗುಡುಗು, ಆಲಿಕಲ್ಲು, ಆಮೇಲೆ ಒಂದು ಗಂಟೆ ಅಡ್ಡಮಳೆ. ಊರೆಲ್ಲ ಸಂತೋಷಪಟ್ಟಿತು. ನಾನೂ ಪಟ್ಟೆ. ಮೂಲೆಯ ಕಲೆ ನನ್ನ ನೆನಪಿಗೂ ಬರಲಿಲ್ಲ. ಬೆಳಿಗ್ಗೆ ಕೋಣೆಗೆ ಹೋದಾಗ ಬಿಳಿ ಪ್ಲೈವುಡ್ ನಡುವೆ ಸ್ವಲ್ಪ ಹೊಟ್ಟೆ ಬಂದಂತೆ ಕಂಡಿತು. ಬೆಳಕಿನ ಭ್ರಮೆ ಎಂದು ಬಾಗಿಲು ಹಾಕಿದೆ.

ಹನ್ನೊಂದಕ್ಕೆ ಕಾರು ಬಂತು. ರಮ್ಯಾಳ ಮುಖ ಬಿಸಿಲಿಗೆ ಕೆಂಪಾಗಿತ್ತು. "ಹೋಗು, ಮೊದ್ಲು ಕೋಣ್ಯಾಗ ಮಲಕ್ಕೋ ಹೋಗು," ಎಂದು ಅವಳ ಬೆನ್ನು ಹಿಡಿದು ನೂಕಿದೆ.

"ಮಮ್ಮಿ, ಮಂಡಕ್ಕಿ ಮಿರ್ಚಿ ವಾಸನಿ ಬರಾಕತ್ತೈತಿ. ತಿಂದು ಮಲಗ್ತೀನಿ."

"ಮಲಗಿ ಎದ್ದು ತಿನ್ನು. ಹೋಗು ಅಂದ್ರ ಹೋಗು!"

"ತಿಂದೇ ಹೋಗೋದು!" ಅವಳೂ ನನ್ನ ಮಗಳೇ ತಾನೆ. ಅಡುಗೆಮನೆಗೆ ಹೋಗಿ ತಟ್ಟೆ ಹಿಡಿದು ಕೂತಳು. ನನಗೆ ಸಿಟ್ಟು ಬಂತು. ಎರಡು ತಿಂಗಳು ಸಾಧಿಸಿದ ತಂಪು ಒಂದು ಮೆಣಸಿನಕಾಯಿಗೆ ಸಮವಲ್ಲವೇ?

ಅಷ್ಟರಲ್ಲಿ ಬೀಗತಿಯವರು ತಾವೇ ಕೋಣೆಗೆ ನಡೆದರು. ನಾನು ಹಿಂದೆ ಓಡಿ ಥರ್ಮಾಮೀಟರ್ ತೋರಿಸಿದೆ. ಅವರು ಅದನ್ನು ನೋಡಲಿಲ್ಲ. ಮೇಲೆ ನೋಡಿದರು. "ಇದ್ಯಾಕ್ರಿ ಜೋತು ಬಿದ್ದಂಗೈತೆ?"

"ಅದು ಡಿಸೈನ್ ರೀ," ಎಂದು ಫ್ಯಾನಿನ ಗುಂಡಿ ಒತ್ತಿ, ಪೂರ್ತಿ ಜೋರಿಗೆ ತಿರುವಿದೆ.

ಫ್ಯಾನು ನಡುಗಿತು. ಪ್ಲೈವುಡ್ ನರಳಿತು. ಬೀಗತಿಯವರು ಏನೋ ಅನುಮಾನ ಬಂದು ನನ್ನತ್ತ ಎರಡು ಹೆಜ್ಜೆ ಇಟ್ಟರು. ಅವರ ಬೆನ್ನ ಹಿಂದೆ, ರಮ್ಯಾಳಿಗೆಂದು ಹಾಕಿದ್ದ ಮಂಚದ ಮೇಲಿನ ಛಾವಣಿ ಒಂದೇ ಏಟಿಗೆ ಕೆಳಗೆ ಬಂತು!

ನೆನೆದು ಗೊಬ್ಬರವಾಗಿದ್ದ ಹೊಟ್ಟು ಧೊಪ್ಪನೆ ಮಂಚದ ಮೇಲೆ ಬಿತ್ತು. ಒಣಗಿದ್ದ ಹೊಟ್ಟು ಫ್ಯಾನಿಗೆ ಸಿಕ್ಕಿತು. ಆಮೇಲೆ ಕೋಣೆಯಲ್ಲಿ ನಡೆದದ್ದನ್ನು ಹೊಲದಲ್ಲಿ ಶೇಂಗಾ ತೂರುವುದನ್ನು ನೋಡಿದವರಷ್ಟೇ ಊಹಿಸಬಲ್ಲರು. ಬಾಯಿ, ಕಿವಿ, ತುರುಬು ಎಲ್ಲೆಲ್ಲೂ ಹೊಟ್ಟು! ಅದರ ನಡುವೆ ದಷ್ಟಪುಷ್ಟವಾದ ನಾಲ್ಕು ಇಲಿಗಳು ಬೀಗತಿಯವರ ಇಳಕಲ್ ಸೀರೆಯ ನೆರಿಗೆ ದಾಟಿ ಗಂಭೀರವಾಗಿ ಹೊರನಡೆದವು.

ನಾನು ಗುಂಡಿ ಆರಿಸಿದೆ. ಹೊಟ್ಟು ಕೆಳಗಿಳಿಯಿತು. ಆಗ ಮಂಚ ಕಂಡಿತು. ದಿಂಬಿದ್ದ ಕಡೆ, ಸರಿಯಾಗಿ ದಿಂಬಿನ ಮೇಲೆ, ಮರದ ಪಟ್ಟಿಯೊಂದು ಮೊಳೆ ಕೆಳಗಾಗಿ ಬಿದ್ದಿತ್ತು.

ಬಾಗಿಲಲ್ಲಿ ರಮ್ಯಾ ನಿಂತಿದ್ದಳು. ಕೈಯಲ್ಲಿ ಅರ್ಧ ಕಚ್ಚಿದ ಮೆಣಸಿನಕಾಯಿ. ಅವಳೂ ದಿಂಬನ್ನೇ ನೋಡುತ್ತಿದ್ದಳು. ನಾನು ಅಲ್ಲೇ ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟೆ. ಎರಡು ತಿಂಗಳಿನಿಂದ ಬಿಸಿಲಿನ ಮೇಲೆ, ಬಡಗಿಯ ಮೇಲೆ, ಗಂಡನ ಮೇಲೆ, ಬೀಗರ ಎ.ಸಿ.ಯ ಮೇಲೆ ಹಂಚುತ್ತ ಬಂದಿದ್ದ ಸಿಟ್ಟೆಲ್ಲ ಒಟ್ಟಾಗಿ ಮನೆ ಹುಡುಕಿಕೊಂಡು ನನ್ನ ಬಳಿಗೇ ಬಂತು.

ಬೀಗತಿಯವರು ಬಾಯಿಯಿಂದ ಹೊಟ್ಟು ಉಗಿದು, "ಇಂಥ ಮನೇಲಿ ನಮ್ ಸೊಸೇನ ಬಿಡಲ್ರಿ. ರಮ್ಯಾ, ನಡಿ, ಕಾರು ಹತ್ತು," ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಗದ್ದಲಕ್ಕೆ ಎದ್ದುಬಂದ ಅತ್ತೆ ಎಲ್ಲವನ್ನೂ ಒಮ್ಮೆ ನೋಡಿದರು. "ಯಾಕ ಹೋಗತಾಳ? ನನ್ನ ಮಾಳಿಗಿ ಕೋಣ್ಯಾಗ ಮಲಗ್ಲಿ. ಮ್ಯಾಲೆ ಒಂದು ಮೊಳ ಮಣ್ಣೈತಿ. ತಣ್ಣಗ ಇರತೈತಿ."

"ಮೊದ್ಲೇ ಹೇಳಬಾರದೇನ್ರಿ ಅತ್ತಿ?" ಅಳುವ ದನಿಯಲ್ಲಿ ಕೇಳಿದೆ.

"ನೀ ಕೇಳಿದ್ದೇನು? ಥರ್ಮಾಮೀಟರ್ ಕೇಳಿದಿ, ನನ್ನ ಕೇಳಲಿಲ್ಲ."

ರಮ್ಯಾ ಮುತ್ತಜ್ಜನ ಕಾಲದ ಆ ಕೋಣೆಗೆ ಹೋಗಿ ನೆಲದ ಮೇಲೆ ಅಡ್ಡಾದಳು. ಐದು ನಿಮಿಷಕ್ಕೆ ಗೊರಕೆ. ಬೀಗತಿಯವರು ಅವಳನ್ನು ಎಬ್ಬಿಸಲು ಹೋದವರು, ತಾವೂ ಪಕ್ಕದಲ್ಲಿ ಒರಗಿ ಸಂಜೆ ನಾಲ್ಕಕ್ಕೆ ಎದ್ದರು. ಚಹ ಕುಡಿದು ಒಬ್ಬರೇ ಕಾರು ಹತ್ತಿದರು. ಯಜಮಾನರು ಮರುದಿನವೇ ಸ್ಲ್ಯಾಬಿನ ಬಿರುಕಿಗೆ ಸಿಮೆಂಟು ಹಾಕಿಸಿದರು. ಹೊಟ್ಟು ಬಾಚಿ, ಉಳಿದ ಪಟ್ಟಿ-ಪ್ಲೈವುಡ್ ಕಿತ್ತುಹಾಕಲು ನಾನೂ ಕಾಳಾಚಾರಿಯೂ ಎರಡು ದಿನ ದುಡಿದೆವು. ನಾನು ಕ್ಷಮೆ ಕೇಳಿದಾಗ ಅವನು ಗಾಬರಿಯಾಗಿ ಉಳಿಯನ್ನು ಕೈಬಿಟ್ಟ.

ಜೂನಿನಲ್ಲಿ ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮೃಗಶಿರ ಮಳೆ ಹಿಡಿದಿತ್ತು. ಥಂಡಿ ಗಾಳಿ. ಮಾಳಿಗೆ ಕೋಣೆಯ ಗೋಡೆಗಳು ನೀರು ಕುಡಿದು ಜಿಲ್ಲೆನ್ನುತ್ತಿದ್ದವು. ಅತ್ತೆ ಕೂಸನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿ, ಕೊನೆಗೆ ಹಿಂದಿನ ಕಾಂಕ್ರೀಟ್ ಕೋಣೆಯಲ್ಲಿ ನಿಂತರು. ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು. ಅವರ ಮುಖ ಅರಳಿತು.

"ಬಾಣಂತಿಗೆ, ಕೂಸಿಗೆ ತಂಪು ಆಗಬಾರದು. ಈ ಕೋಣಿ ಎಷ್ಟು ಬೆಚ್ಚಗೈತಿ ನೋಡು! ಇಷ್ಟು ಚಲೋ ಕೋಣಿ ಇಡೀ ಓಣ್ಯಾಗ ಯಾರ ಮನ್ಯಾಗೂ ಇಲ್ಲ. ಸುಮಂಗಲಾ, ಜಾಣಿ ಅದೀ ಬಿಡವ್ವ."

ಮದುವೆಯಾಗಿ ಇಪ್ಪತ್ತೇಳು ವರ್ಷಗಳಾಗಿವೆ. ಅತ್ತೆಯ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅದೂ, ಎರಡು ತಿಂಗಳು ಹೆಣಗಿದರೂ ನನ್ನ ಕೈಯಲ್ಲಿ ಕೆಡಿಸಲಾಗದೆ ಉಳಿದಿದ್ದ ಬಿಸಿಗೆ! ನಿಜ ಹೇಳಿಬಿಡಬೇಕಿತ್ತು.

"ಹೌದ್ರಿ ಅತ್ತಿ, ಬಾಣಂತನಕ್ಕಂತಾನ ಹಂಗ ಬಿಟ್ಟೀನಿ," ಎಂದೆ.