ಮೆರ್ಸಿ ಮಾವನ ಧನ್ಯವಾದ

ಎಲ್ಲ ರಗಳೆಗೂ ಕಾರಣ ಅಂಗಿಯ ಒಂದು ಗುಂಡಿ. ದೊಡ್ಡ ಹೋಟೆಲಿನಲ್ಲಿ ಬಾಗಿಲು ತೆಗೆಯುವ ಮೆರ್ಸಿ ಮಾವನ ಯೂನಿಫಾರ್ಮಿನಿಂದ ಅದು ಬೆಳಿಗ್ಗೆ ಕಿತ್ತು ಬಂತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕಣ್ಣಲ್ಲಿ ನೀರು, ಹೊಲಿಯುವಷ್ಟರಲ್ಲಿ ಬೆರಳಲ್ಲಿ ರಕ್ತ. ಇಷ್ಟು ವರ್ಷ ಸದ್ದಿಲ್ಲದೆ ಹೊಲಿದಿಟ್ಟ ಹೆಂಡತಿ ಮೊಮ್ಮಗುವನ್ನು ನೋಡಿಕೊಳ್ಳಲು ಮಗಳ ಮನೆ ಸೇರಿ ತಿಂಗಳುಗಳಾಗಿದ್ದವು. ಮನೆ ಬಿಕೋ ಅನ್ನುತ್ತಿತ್ತು. ಮಾವನಿಗೆ ಅವಳು ವಾಪಸ್ ಬರಬೇಕಿತ್ತು, ಅಷ್ಟೇ. ಆದರೆ ‘ಬಾ’ ಅನ್ನಲು ಬಿಗುಮಾನ.

ಕೆಲಸದ ಜಾಗದಲ್ಲಿ ಮಾತ್ರ ಈ ಬಿಗುಮಾನ ಇರಲಿಲ್ಲ. ಯಾವ ದೇಶದ ಅತಿಥಿ ಬಂದರೂ ಅವರದೇ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದ: ಮೆರ್ಸಿ, ಡಾಂಕೆ, ಶುಕ್ರನ್, ಅರಿಗಾತೊ. ಮೆರ್ಸಿ ಮಾವ ಎಂಬ ಹೆಸರು ಬಂದದ್ದೂ ಹಾಗೆಯೇ.

“ಅಲ್ಲ ಮಾವ, ಕಂಡೋರಿಗೆಲ್ಲ ಹೇಳ್ತೀರಿ. ಅತ್ತೆಗೆ ಒಂದ್ಸಲನಾದ್ರೂ ಹೇಳಿದೀರಾ?” ಎಂದ ಹೋಟೆಲಿನ ಅಡುಗೆಯವನು.

“ಮನೆಯವ್ರಿಗೆ ಯಾರಯ್ಯ ಹೇಳ್ತಾರೆ?”

“ಹೇಳಿ ನೋಡಿ. ಕರಗಿ ಓಡಿ ಬರ್ತಾರೆ.”

ಮಾವ ಧೈರ್ಯ ಮಾಡಿ ಫೋನ್ ಹಚ್ಚಿದ. “ಲೇ ಇವಳೇ, ಇಷ್ಟು ವರ್ಷ ನಂಗೋಸ್ಕರ ಮಾಡಿದ್ದಕ್ಕೆಲ್ಲ... ಧನ್ಯವಾದ.”

ಆ ಕಡೆ ಹೆಂಡತಿ ಗಾಬರಿಬಿದ್ದಳು. ಸಭೆ ಮುಗಿಸುವಾಗ ವೇದಿಕೆಯ ಮೇಲೆ ಹೇಳುವ ಮಾತು ಅದು. ಗಂಡನ ಬಾಯಲ್ಲಿ ಬಂತೆಂದರೆ ಏನು ಮುಗಿಯುತ್ತಿದೆ ಅಂತ ಅವಳು ತಿಳಿಯಬೇಕು?

“ರೀ, ಇದ್ದಲ್ಲೇ ಕೂತ್ಕೊಳ್ಳಿ! ಅಲ್ಲಾಡ್ಬೇಡಿ!” ಫೋನ್ ಕಟ್ಟಾಯಿತು.

ಸ್ವಲ್ಪ ಹೊತ್ತಿನಲ್ಲೇ ಮಾವನ ಮನೆಯ ಮಹಡಿಯಲ್ಲಿರುವ ರಿಟೈರ್ಡ್ ಕಾಂಪೌಂಡರ್ ಬಿಪಿ ಮಶೀನು ಹೊತ್ತು ಹೋಟೆಲಿಗೆ ಓಡಿ ಬಂದ. “ನಿಮ್ಮ ಮನೆಯವ್ರು ಫೋನ್ ಮಾಡಿ ಅಳ್ತಿದಾರೆ. ಮಲ್ಕೊಳ್ಳಿ!”

ಮಾವ ಬೇಡ ಬೇಡ ಅಂದರೂ ಕೇಳದೆ ಅತಿಥಿಗಳ ಸೋಫಾದ ಮೇಲೆ ಮಲಗಿಸಿದರು. ಪಾಪ, ಜಪಾನಿ ಮುದುಕಿಯೊಬ್ಬಳು ಟೋಪಿಯಿಂದ ಗಾಳಿ ಬೀಸಿದಳು. ಮಾವ ಅಭ್ಯಾಸಬಲದಿಂದ “ಅರಿಗಾತೊ” ಎಂದ.

“ನೋಡಿ, ಆಗ್ಲೇ ಬಡಬಡಿಸ್ತಿದಾರೆ!” ಎಂದ ಕಾಂಪೌಂಡರ್. ಮ್ಯಾನೇಜರು ಗಾಬರಿಯಾಗಿ ರಜೆ ಕೊಟ್ಟು ಮನೆಗೆ ಸಾಗಹಾಕಿದರು.

ಸಂಜೆ ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಬ್ಯಾಗು. ಮಾವನಿಗೆ ಕುಣಿಯುವಷ್ಟು ಖುಷಿ. ಅವಳಿಗೋ ದಾರಿಯುದ್ದಕ್ಕೂ ಅತ್ತು ಕಣ್ಣು ಊದಿತ್ತು.

“ನಿಜ ಹೇಳಿ, ಡಾಕ್ಟ್ರು ಏನಂದ್ರು?”

“ಏನೂ ಆಗಿಲ್ಲ ಕಣೇ. ಚೆನ್ನಾಗಿದೀನಿ.”

“ಚೆನ್ನಾಗಿರೋರು ಹಂಗೆಲ್ಲ ಮಾತಾಡ್ತಾರಾ?”

ಅವಳು ಟೀ ಮಾಡಿ ತಂದಳು. ಲೋಟ ಕೊಟ್ಟವಳೇ ಅವನ ಹಣೆ ಮುಟ್ಟಿ ನೋಡಿ ಮತ್ತೆ ಕಣ್ಣೊರೆಸಿಕೊಂಡಳು. ಇನ್ನೊಂದು ಒಳ್ಳೆ ಮಾತಾಡಿದರೆ ಇವಳು ಇಲ್ಲೇ ಕುಸಿಯುತ್ತಾಳೆ ಅನ್ನಿಸಿತು ಮಾವನಿಗೆ. ಒಂದು ಗುಟುಕು ಕುಡಿದು ಮುಖ ಗಂಟಿಕ್ಕಿದ. “ಇದೇನಿದು, ಸಕ್ಕರೇನೇ ಇಲ್ಲ! ಟೀ ಮಾಡೋದೂ ಮರೆತ್ಯಾ?”

ಅವಳ ಮುಖ ಅರಳಿತು. ತಕ್ಷಣ ಮಗಳಿಗೆ ಫೋನ್. “ಏನೂ ಆಗಿಲ್ಲ ಕಣೇ, ಗುಂಡುಕಲ್ಲಿನ ಹಂಗಿದಾರೆ, ಬಯ್ತಿದಾರೆ! ಮಗು ಅಳ್ತಿದ್ಯಾ? ಇರೋ ಬಸ್ಸಿಗೇ ಹೊರಟೆ.”

ಬಿಚ್ಚದ ಬ್ಯಾಗನ್ನು ಹಾಗೇ ಎತ್ತಿಕೊಂಡಳು. ಹೊರಡುವಾಗ ಅವನ ಅಂಗಿಯ ಗುಂಡಿ ಮುಟ್ಟಿ ನಕ್ಕಳು. “ಇದೆಂಥ ಹೊಲಿಗೆ ರೀ! ಮುಂದಿನ ಸಲ ಬಂದಾಗ ಸರಿಮಾಡ್ತೀನಿ.”

ಮಾವ ಬಾಗಿಲು ತೆಗೆದು, ಹೋಟೆಲಿನಲ್ಲಿ ನಿಲ್ಲುವಂತೆಯೇ ಪಕ್ಕಕ್ಕೆ ನಿಂತ. ಕಲಿತ ಭಾಷೆಗಳೆಲ್ಲ ನಾಲಗೆಯ ತುದಿಗೆ ಬಂದು ನಿಂತವು. ಅಷ್ಟನ್ನೂ ನುಂಗಿಕೊಂಡ.

ಅವಳು ಬೀದಿ ತಿರುಗುವವರೆಗೂ ನೋಡಿ, ಒಳಗೆ ಬಂದು ಆರಿದ ಟೀ ಕುಡಿದ. ಸಕ್ಕರೆ ಸರಿಯಾಗಿಯೇ ಇತ್ತು.