ನಮ್ಮ ಮೊಲಕ್ಕೆ ಆಪರೇಷನ್ ಆಗಿತ್ತೋ ಇಲ್ಲವೋ

ಒಂದು ಕಡೆ ನೆಲೆ ನಿಲ್ಲೋಣ ಅಂತ ನಾನು ಅಂದುಕೊಂಡಾಗಲೆಲ್ಲ ಏನಾದರೊಂದು ಫಜೀತಿ ಆಗೇ ಆಗುತ್ತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಸೈಕಲ್ ಷಾಪು, ಪ್ರೆಸ್ಸು, ಹೋಟ್ಲು ಎಲ್ಲಾ ಸುತ್ತಿ, ಅರವತ್ತರ ದಶಕದಲ್ಲಿ ಊದುಬತ್ತಿ ಮಾರಿಕೊಂಡು ಜಯನಗರಕ್ಕೆ ಬಂದು ಬಿದ್ದೆ. ಆಗಿನ್ನೂ ಅಲ್ಲಿ ಒಂದು ಮನೆ ಇದ್ದರೆ ಪಕ್ಕಕ್ಕೆ ನಾಲ್ಕು ಖಾಲಿ ಸೈಟು. ಸಿಕ್ಕಿದ್ದು ಒಂದು ಹಿತ್ತಲ ರೂಮು. ಅದನ್ನ ಉಳಿಸಿಕೊಳ್ಳೋಕೆ ನಾನು ಪಟ್ಟ ಪಾಡು ಕೇಳಿ.

ಕರಾರು

ಓನರು ಸರ್ಕಾರಿ ಕಛೇರಿಯ ಗುಮಾಸ್ತರು. ಏಳು ಮಕ್ಕಳು. ಕೊನೆಯದಕ್ಕೆ ಮೂರು ತುಂಬಿತ್ತು. ಆಮೇಲೆ ತೊಟ್ಟಿಲು ಕಟ್ಟಿರಲಿಲ್ಲ. ಸಂಜೆ ಜಗುಲಿ ಮೇಲೆ ಕೂತು ಬೀದಿಗೆಲ್ಲ ಉಪದೇಶ: "ಏನು ಕಾರಣ ಹೇಳಿ? ಸಂಯಮ! ಮನುಷ್ಯನಿಗೆ ಸಂಯಮ ಬೇಕು!"

ಇಂಥವರ ಹಿತ್ತಲಿಗೆ ನಾನೊಂದು ಬಿಳೀ ಹೆಣ್ಣು ಮೊಲ ತಂದೆ. ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರಾಗಿದ್ದ ಗೆಳೆಯ, "ಇದರ ಕೆಲಸ ಮುಗೀತು ಮಗಾ, ಸಾಕ್ಕೊಂಡ್ರೆ ಸಾಕ್ಕೊ, ಇಲ್ದಿದ್ರೆ ಯಾರಾದ್ರೂ ಸಾರು ಮಾಡ್ತಾರೆ" ಅಂದಿದ್ದ. ರಾಣಿ ಅಂತ ಹೆಸರಿಟ್ಟೆ.

ಓನರು ಕನ್ನಡಕ ಏರಿಸಿದರು. "ಏನಯ್ಯಾ, ಇದು ತಿಂಗಳಿಗೊಂದು ಸಲ ಹೆರುತ್ತಂತಲ್ಲ?"

"ಇಲ್ಲ ಸಾರ್, ಲ್ಯಾಬಲ್ಲಿ ಆಪರೇಷನ್ ಆಗಿದ್ಯಂತೆ."

"ಸರ್ಟಿಫಿಕೇಟ್ ತಾ. ಒಂದೇ ಒಂದು ಮರಿ ಕಂಡ್ರೂ ರೂಮು ಖಾಲಿ. ಏಳು ಮಕ್ಕಳಿರೋ ಮನೆ ಇದು, ಗಲಾಟೆ ನಂಗಾಗಲ್ಲ."

ರಿಜಿಸ್ಟರು

ಗೆಳೆಯನ ಹತ್ತಿರ ಓಡಿದೆ. "ಆಪರೇಷನ್ ಆಗಿದೆ ತಾನೇ?"

"ಆಗಿದೆ ಗುರು. ಮೂರು ಮೊಲ ಇದ್ವು, ಒಂದಕ್ಕೆ ಆಗಿದೆ."

"ಯಾವುದಕ್ಕೆ?"

"ರಿಜಿಸ್ಟರಲ್ಲಿ ಬರೆದಿತ್ತು."

"ಮತ್ತೆ ತೆಗೆದು ನೋಡು!"

ಅವನು ತಲೆ ಕೆರೆದುಕೊಂಡ. "ರಿಜಿಸ್ಟರನ್ನ ಗೂಡಿನ ಮೇಲೆ ಇಟ್ಟಿದ್ದೆ ಮಗಾ. ಮೂರೂ ಸೇರಿ ತಿಂದ್ಬಿಟ್ವು."

ದನದ ಆಸ್ಪತ್ರೆ

ಅಲ್ಲಿ ಬರೆದುಕೊಳ್ಳುವವನು ಕೇಳಿದ, "ಹಸುನೋ ಎಮ್ಮೆನೋ?"

"ಮೊಲ."

"ಮೊಲಕ್ಕೆ ಕಾಲಂ ಇಲ್ಲ." ತುಂಬಾ ಹೊತ್ತು ಯೋಚನೆ ಮಾಡಿ 'ಕುರಿ, ಸಣ್ಣದು' ಅಂತ ಬರೆದುಕೊಂಡ.

ಕಾಂಪೌಂಡರು ರಾಣಿಯ ಹೊಟ್ಟೆ ಕೂದಲನ್ನ ಕ್ಷೌರ ಮಾಡಿದ. ಹೊಕ್ಕಳ ಕೆಳಗೆ ಒಂದು ಸಣ್ಣ ಗೆರೆ ಕಾಣಿಸಿತು. ನನಗೆ ಹೋದ ಜೀವ ಬಂತು. ಡಾಕ್ಟರು ಬಗ್ಗಿ ನೋಡಿ, "ಗಾಯದ ಗುರುತಿದೆ. ಯಾವ ಗಾಯ ಅಂತ ನಾನು ಬರೆದುಕೊಡೋಕಾಗಲ್ಲ. ಹೊಟ್ಟೆ ಕುಯ್ದು ನೋಡ್ಬೇಕು" ಅಂದರು.

"ಕುಯ್ದು ನೋಡಿದ್ರೆ ಸರ್ಟಿಫಿಕೇಟ್ ಕೊಡ್ತೀರಾ ಸಾರ್?"

"ಧಾರಾಳವಾಗಿ. ಕುಯ್ದ ಮೇಲೆ ಅದು ಮರಿ ಹಾಕೋ ಪ್ರಶ್ನೇನೇ ಇಲ್ಲ. ಬದುಕೋದೇ ಅನುಮಾನ."

ಹೊರಡುವಾಗ ಕಾಂಪೌಂಡರು ಕಿವಿಯಲ್ಲಿ ಹೇಳಿದ: "ಒಂದು ಗಂಡು ತಂದು ಜೊತೇಲಿ ಬಿಡಿ. ಮರಿ ಹಾಕಿದ್ರೆ ಆಪರೇಷನ್ ಆಗಿಲ್ಲ ಅಂತ."

"ಮರಿ ಹಾಕಿದ್ರೆ ನಾನು ಬೀದಿಗೆ ಬೀಳ್ತೀನಲ್ಲಪ್ಪಾ!"

"ಅದು ನಮ್ಮ ಇಲಾಖೆಗೆ ಬರಲ್ಲ ಸಾರ್."

ಮೀಸೆ

ಡಾಕ್ಟರಿಗೂ ಗೊತ್ತಾಗಲಿಲ್ಲ ಅಂತ ಓನರಿಗೆ ಹೇಳಿದೆ. ಆದದ್ದಾಗಲಿ, ಮರಿ ಹಾಕುತ್ತೋ ಇಲ್ಲವೋ ಓನರಿಗಿಂತ ಮೊದಲು ನನಗೆ ಗೊತ್ತಾಗಲಿ ಅಂತ, ಮೂಲೆಯ ಸೋಡಾ ಅಂಗಡಿಯವರ ಕಂದು ಮೊಲವನ್ನ ಕಡ ಕೇಳಿದೆ.

"ಗಂಡು ತಾನೇ ಅಣ್ಣಾ?"

"ಏನ್ ಹಂಗ್ ಕೇಳ್ತೀಯಾ? ಮೀಸೆ ಕಾಣಲ್ವಾ?"

ಮೀಸೆ ಭರ್ಜರಿಯಾಗೇ ಇತ್ತು. ಚೀಲದಲ್ಲಿ ಅಡಗಿಸಿ ತಂದು ರೂಮಲ್ಲಿ ಬಿಟ್ಟೆ. ಮನೆಗೆ ಬಂದ ಮೇಲೆ ರಾಣಿ ಮುಖ ನೋಡಿದೆ. ಅವಳಿಗೂ ಅಷ್ಟೇ ಮೀಸೆ ಇತ್ತು.

ಅಮ್ಮಾವ್ರು

ಒಂಬತ್ತನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಮಂಚದ ಕೆಳಗೆ ಕಂದು ಮೊಲದ ಪಕ್ಕ ಐದು ಮರಿ! ಓನರ ಮಕ್ಕಳು ಕಿಟಕಿಯಲ್ಲಿ ಇಣುಕಿ "ಅಪ್ಪಾ, ಐದು!" ಅಂತ ಕೂಗಿದವು.

ಓನರು ಬಂದರು. "ಹೊರಡು. ಈಗಲೇ."

"ಸಾರ್, ಇದು ರಾಣೀದಲ್ಲ, ಗಂಡಿನದು!"

"ಗಂಡು ಹೆರುತ್ತೇನಯ್ಯಾ? ನನಗೇ ಕಥೆ ಹೇಳ್ತೀಯಾ? ನಿನ್ನ ಮೊಲಕ್ಕೂ ಸಂಯಮ ಇಲ್ಲ, ನಿನಗೂ ಇಲ್ಲ!"

ನಾನು ಟ್ರಂಕು ಎಳೆದೆ. ಅಷ್ಟರಲ್ಲಿ ಓನರ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದರು. ದಿನಾ ಸೊಪ್ಪಿನ ದಂಟೆಲ್ಲ ರಾಣಿಗೆ ಹಾಕುತ್ತಿದ್ದವರು ಅವರೇ. ಕಂದು ಮೊಲವನ್ನ ಎತ್ತಿ ನೋಡಿದರು. "ಹಾಲು ಇದರಲ್ಲಿದೆ. ತಾಯಿ ಇದು. ಬರುವಾಗಲೇ ಬಸುರಾಗಿತ್ತು."

"ಇವತ್ತು ಅದು, ನಾಳೆ ಇದು," ಅಂದರು ಓನರು.

ಅಮ್ಮಾವ್ರು ರಾಣಿಯನ್ನ ಮಡಿಲಿಗೆ ಹಾಕಿಕೊಂಡು, ಕ್ಷೌರ ಆದ ಜಾಗದಲ್ಲಿ ಬೆರಳಾಡಿಸಿದರು. "ಇದಕ್ಕೆ ಆಗಲ್ಲ. ಆಪರೇಷನ್ ಆಗಿದೆ."

"ಡಾಕ್ಟರಿಗೇ ಗೊತ್ತಾಗಲಿಲ್ಲವಂತೆ, ನೀನು ಹೇಗೆ ಹೇಳ್ತೀಯೆ?"

"ಹೊಕ್ಕಳ ಕೆಳಗೆ, ಅಡ್ಡಕ್ಕೆ ಸಣ್ಣ ಗೆರೆ. ನನ್ನದೂ ಹೀಗೇ ಇದೆ."

ಓನರು ನನ್ನ ಟ್ರಂಕಿನ ಮೇಲೇ ಕೂತರು.

"ಯಾವಾಗ?"

"ಏಳನೇದಕ್ಕೆ ತವರಿಗೆ ಹೋಗಿದ್ನಲ್ಲ, ಆಗ. ನೀವು ಒಪ್ತಿರಲಿಲ್ಲ."

"ಹಾಗಾದ್ರೆ... ನನ್ನ ಸಂಯಮ?"

ಅಮ್ಮಾವ್ರು ಮೊಲವನ್ನ ನನ್ನ ಕೈಗೆ ಕೊಟ್ಟು ಎದ್ದರು. "ಅದಕ್ಕೆ ಆಸ್ಪತ್ರೆ ಕಾಗದದಲ್ಲಿ ನಿಮ್ಮ ಬದಲು ರುಜು ಹಾಕಿದವನು ನಮ್ಮಣ್ಣ!"

ಆಮೇಲೆ ನಾಲ್ಕು ವರ್ಷ ಆ ರೂಮಲ್ಲಿದ್ದೆ. ನನ್ನ ಜನ್ಮದಲ್ಲೇ ಒಂದು ಕಡೆ ಅಷ್ಟು ದಿನ ಇದ್ದವನಲ್ಲ. ಬಿಡ್ತೀನಿ ಅಂತ ನಾನೇ ಎರಡು ಸಲ ಹೊರಟರೂ ಓನರು ಕೈ ಹಿಡಿದು ನಿಲ್ಲಿಸಿಕೊಂಡರು: "ಎಲ್ಲಿಗೂ ಹೋಗಬೇಡಯ್ಯಾ. ಹೋದ ಕಡೆ ಬಾಯಿ ಮುಚ್ಚಿಕೊಂಡಿರೋ ಗಿರಾಕಿ ಅಲ್ಲ ನೀನು."